ಅರ್ಧ ಆಟದ ಅಂತರ

ಸೆಪ್ಟೆಂಬರ್ 3, 1967, ಭಾನುವಾರ. ಡೆಟ್ರಾಯಿಟ್

ನಾನು ಅಮೆರಿಕಕ್ಕೆ ಬಂದು ಇಪ್ಪತ್ತು ದಿನ, ಮದುವೆಯಾಗಿ ಎಂಬತ್ತೆರಡು. ಇನ್ನೂ ಬೆಳಿಗ್ಗೆ ಎದ್ದ ಕೂಡಲೇ ಪಕ್ಕಕ್ಕೆ ತಿರುಗಿ, ಇವರು ನಿಜವಾಗಿ ಇದ್ದಾರೆಯೇ ಎಂದು ನೋಡುತ್ತೇನೆ. ಹೆಚ್ಚಾಗಿ ಇರುವುದಿಲ್ಲ. ಐದಕ್ಕೇ ಆಸ್ಪತ್ರೆಗೆ ಹೋಗಿರುತ್ತಾರೆ. ಆಗ ತಗ್ಗಾದ ದಿಂಬನ್ನು ನೋಡಿ ಸಂತೋಷಪಡುತ್ತೇನೆ. ಇಷ್ಟು ಸಂತೋಷ ಒಬ್ಬಳಿಗೇ ಬರುವುದು ನ್ಯಾಯವಲ್ಲ ಅನ್ನಿಸುತ್ತದೆ.

ಬಾಯಲ್ಲಿ 'ರೀ' ಅನ್ನುತ್ತೇನೆ. ಇಲ್ಲಿ ಮಾತ್ರ ಧೈರ್ಯವಾಗಿ ಹೆಸರು ಬರೆಯುತ್ತೇನೆ: ಶೇಷಾದ್ರಿ. ಶೇಷು. ನನ್ನ ಶೇಷು. ಕನ್ನಡ ಆಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಕಾನ್ವೆಂಟಿನ ಸಿಸ್ಟರ್‌ಗಳು ಈ ಪುಟ ನೋಡಿದರೆ ಎರಡು ಕಾರಣಕ್ಕೆ ಮೂರ್ಛೆ ಹೋಗುತ್ತಿದ್ದರು.

ಸರ್ಜನ್ ಆಗುವುದು ಇಲ್ಲಿ ಪಿರಮಿಡ್ ಹತ್ತಿದ ಹಾಗಂತೆ. ಮೊದಲ ವರ್ಷ ಎಂಟು ಜನ, ಮರುವರ್ಷ ನಾಲ್ಕು, ಆಮೇಲೆ ಎರಡು, ತುದಿಯಲ್ಲಿ ಒಬ್ಬ. ಶೇಷು ಈಗ ಆ ಎರಡರಲ್ಲಿ ಒಬ್ಬರು. ಇನ್ನೊಬ್ಬರು ಇವರ ಗೆಳೆಯರೇ, ಗದಗಿನ ಪಂಚಾಕ್ಷರಿ. ಮೇಲಿನ ಮಹಡಿಯಲ್ಲೇ ಮನೆ. ಇಬ್ಬರಿಗೂ ಸೇರಿ ಒಂದೇ ಕಾರು. ಬರುವ ಜುಲೈಗೆ ಯಾರು ಉಳಿಯುತ್ತಾರೆ ಅನ್ನುವುದನ್ನು ಅವರ ಛೀಫ್ ಡಾಕ್ಟರ್ ಹಾಲ್ಡೇನ್ ಅಕ್ಟೋಬರ್ ಮೊದಲ ವಾರದಲ್ಲಿ ಹೇಳುತ್ತಾರೆ. ಉಳಿಯದವರಿಗೆ ಬೇರೆ ಕಡೆ ಸರ್ಜರಿ ಸಿಕ್ಕುವುದು ಕನಸಿನ ಮಾತು. ಶಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿರುವ ಇವರ ಚಿಕ್ಕಪ್ಪನ ಮಗ ದ್ವಾರಕಾನಾಥ, ಶಿಕಾಗೋದಲ್ಲಿ ಪೆಥಾಲಜಿಯ ಜಾಗವೊಂದಿದೆ, ಬೇಕಾದರೆ ಹೇಳು ಎಂದು ಬರೆದಿದ್ದಾರೆ. ಶೇಷು ಆ ಕಾಗದವನ್ನು ಪೂರ್ತಿ ಓದಲಿಲ್ಲ. ಸತ್ತವರ ಡಾಕ್ಟರಿಕೆ ನನಗೆ ಬೇಡ ಅಂದರು.

ಬೇಕಾಗುವುದೂ ಇಲ್ಲ. ಇವರಿಗಿಂತ ಒಳ್ಳೆಯ ಸರ್ಜನ್ ಇರುವುದಕ್ಕೆ ಹೇಗೆ ಸಾಧ್ಯ?

ಸೆಪ್ಟೆಂಬರ್ 4, ಸೋಮವಾರ

ಲೇಬರ್ ಡೇ ರಜೆ. ಫಾರ್ಮಿಂಗ್ಟನ್ ಕಡೆ ಡಾಕ್ಟರ್ ಹಾಲ್ಡೇನ್ ಮನೆಯಲ್ಲಿ ಊಟ. ಒಂದೇ ಕಾರಿನಲ್ಲಿ ನಾಲ್ವರೂ ಹೋದೆವು. ಹನ್ನೆರಡನೇ ಬೀದಿ ದಾಟುವಾಗ ಯಾರೂ ಮಾತಾಡಲಿಲ್ಲ. ಜುಲೈ ಗಲಭೆಯಲ್ಲಿ ಸುಟ್ಟ ಅಂಗಡಿಗಳು ಹಾಗೇ ನಿಂತಿವೆ. ಆ ಐದು ದಿನ ಇವರಿಬ್ಬರೂ ಆಸ್ಪತ್ರೆ ಬಿಟ್ಟು ಬಂದಿರಲಿಲ್ಲವಂತೆ. ಆಮೇಲೆ ಮರಗಳು, ಹುಲ್ಲುಹಾಸುಗಳು ಶುರುವಾದವು, ನನಗೆ ಮತ್ತೆ ಮಾತು ಬಂತು.

ಛೀಫ್ ಎತ್ತರದ ಮನುಷ್ಯ. ಮಾಂಸ ಸುಡುತ್ತಾ ಒಂದು ಕಿವಿಯನ್ನು ಪೂರ್ತಿ ರೇಡಿಯೋಗೆ ಕೊಟ್ಟಿದ್ದರು. ಬೇಸ್‌ಬಾಲ್. ಈ ಊರಿಗೆಲ್ಲ ಅದೇ ಜ್ವರ. ನಮಗೆ ನಾಲ್ವರಿಗೆ ಜೋಳದ ತೆನೆ ಮತ್ತು ಆಲೂಗಡ್ಡೆ. ಪಂಚಾಕ್ಷರಿಯವರ ಹೆಂಡತಿ ಗುರುದೇವಿ ಚೀಲದಿಂದ ಖಡಕ್ ರೊಟ್ಟಿ ತೆಗೆದು ಗಂಡನಿಗೆ ಕೊಟ್ಟರು, ಛೀಫ್‌ಗೂ ಒಂದು ಕೊಟ್ಟರು. ಅವರು ಅದನ್ನು ಬಿಸ್ಕತ್ತು ಅಂದುಕೊಂಡು ಕಚ್ಚಿ ಹಲ್ಲು ಮುಟ್ಟಿ ನೋಡಿಕೊಂಡರು.

ಮಿಸೆಸ್ ಹಾಲ್ಡೇನ್ ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ, ನಿಜ ಹೇಳು, ಇಬ್ಬರಲ್ಲಿ ಯಾರ ಕೈ ಚೆನ್ನಾಗಿದೆ, ನಿನ್ನ ಗಂಡನದೋ ಪ್ಯಾನ್‌ದೋ ಎಂದು ಕೇಳಿದರು. ಪಂಚಾಕ್ಷರಿ ಇವರ ಬಾಯಲ್ಲಿ ಪ್ಯಾನ್. ಗಂಡನನ್ನು ತಾನೇ ಹೊಗಳಿಕೊಳ್ಳುವಷ್ಟು ಒರಟಳೇ ನಾನು? ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದೆ: ಪಂಚಾಕ್ಷರಿಯವರ ಮುಂದೆ ನಮ್ಮವರು ಏನೂ ಅಲ್ಲ, ಅವರಿಂದ ಇನ್ನೂ ಕಲಿಯುತ್ತಿದ್ದಾರೆ ಅಷ್ಟೇ. ಆಕೆ ನನ್ನ ಕೈ ಹಿಡಿದು, ಎಷ್ಟು ಅಪರೂಪದ ಹುಡುಗಿ ಅಂದರು. ಅಮ್ಮ ಇದ್ದಿದ್ದರೆ ಹೆಮ್ಮೆ ಪಡುತ್ತಿದ್ದಳು.

ಸೆಪ್ಟೆಂಬರ್ 7, ಗುರುವಾರ

ಅಮ್ಮನ ಕಾಗದದ ಪ್ರಕಾರ ಇವತ್ತು ಚೌತಿ. ಮೈದಾಹಿಟ್ಟಿನಲ್ಲಿ ಗಣಪತಿ ಮಾಡಿದೆ. ಸೊಂಡಿಲು ಎರಡು ಸಲ ಬಿತ್ತು. ಗುರುದೇವಿ ಬಂದು ನೋಡಿ, "ಆನಿ ಅಲ್ಲ ತಂಗಿ, ಇಲಿ ಆಗೇತಿ ಇದು," ಅಂದರು. ಇಬ್ಬರೂ ನಕ್ಕು ನಕ್ಕು ಕಡುಬು ಸುಟ್ಟುಕೊಂಡೆವು.

ಕೆಳಮನೆಯ ಮಿಸೆಸ್ ನೋವಾಕ್‌ಗೂ ಎರಡು ಕೊಟ್ಟೆ. ಎಪ್ಪತ್ತು ವರ್ಷದ ವಿಧವೆ. ಇಡೀ ದಿನ ಜಗಲಿಯಲ್ಲಿ ಟ್ರಾನ್ಸಿಸ್ಟರ್ ಜೊತೆ ಕೂತಿರುತ್ತಾರೆ. ಪೇಪರ್ ತೋರಿಸಿದರು. ಡೆಟ್ರಾಯಿಟ್, ಶಿಕಾಗೋ, ಬೋಸ್ಟನ್, ಮಿನೆಸೋಟ, ನಾಲ್ಕೂ ತಂಡ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ. ಅವರ ಇಡೀ ಆಯುಷ್ಯದಲ್ಲಿ ಇಂಥದ್ದು ನೋಡಿಲ್ಲವಂತೆ. ಕೊನೆಯ ದಿನ ಇಬ್ಬರು ಸಮ ಬಂದರೆ ಏನು ಮಾಡುತ್ತಾರೆ ಎಂದು ಕೇಳಿದೆ. ಇನ್ನೊಂದೇ ಒಂದು ಆಟ, ಗೆದ್ದವರಿಗೆ ಪಟ್ಟ. ಈ ದೇಶದ ತಂಡಗಳಲ್ಲಿ ಎರಡು ಲೀಗುಗಳಂತೆ; ಇನ್ನೊಂದು ಲೀಗಿನಲ್ಲಿ ಮೂರರಲ್ಲಿ ಎರಡು ಗೆಲ್ಲಬೇಕು, ಇಲ್ಲಿ ಮಾತ್ರ ಒಂದೇ. ಯಾರ ಊರಿನಲ್ಲಿ ಆಡುವುದು ಅನ್ನುವುದಕ್ಕೆ ನಾಣ್ಯ ಚಿಮ್ಮುತ್ತಾರೆ, ಅದನ್ನೂ ಸಮ ಆಗುವ ಮೊದಲೇ ಚಿಮ್ಮಿ ಬರೆದಿಟ್ಟುಕೊಂಡಿರುತ್ತಾರೆ. ಅಪ್ಪನ ಕ್ರಿಕೆಟ್ಟಿನಲ್ಲಿ ಐದು ದಿನ ಆಡಿ ಡ್ರಾ ಎಂದು ಟೀ ಕುಡಿದು ಮನೆಗೆ ಹೋಗುತ್ತಾರೆ ಅಂದೆ. ಅಜ್ಜಿಗೆ ನಂಬಿಕೆ ಬರಲಿಲ್ಲ. ಐದು ದಿನ ಆಡಿ ಯಾರೂ ಸೋಲದಿದ್ದರೆ ಯಾಕೆ ಆಡಬೇಕು ಅಂದರು.

ಸಂಜೆ ಶೇಷು ತಂದ ಸುದ್ದಿ ಇನ್ನೂ ತಮಾಷೆ. ಎರಡು ವರ್ಷದ ಅಂಕ ಕೂಡಿಸಿದರೆ ಇವರೂ ಪಂಚಾಕ್ಷರಿಯೂ ಸಮವಂತೆ. ಅದಕ್ಕೆ ಛೀಫ್ ಆಪರೇಷನ್ ಕೋಣೆಯ ಪಕ್ಕದ ಕಪ್ಪು ಹಲಗೆಯಲ್ಲಿ ಇಬ್ಬರ ಹೆಸರು ಬರೆದಿದ್ದಾರೆ. ಅಕ್ಟೋಬರ್ ಒಂದರವರೆಗೆ, ಅಂದರೆ ಬೇಸ್‌ಬಾಲ್ ಮುಗಿಯುವವರೆಗೆ, ಇವರು ಚಾಕು ಹಿಡಿದ ಪ್ರತಿ ಕೇಸಿಗೂ ಗೆಲುವು ಅಥವಾ ಸೋಲು. ಆಗಲೂ ಸಮ ಬಂದರೆ ಲೀಗಿನ ಹಾಗೇ ಒಂದೇ ಒಂದು ಹೆಚ್ಚಿನ ಕೇಸು. ಯಾರು ಮೊದಲು ಅನ್ನುವುದಕ್ಕೆ ನಾಣ್ಯವನ್ನೂ ಆಗಲೇ ಚಿಮ್ಮಿಬಿಟ್ಟಿದ್ದಾರೆ. ಪಂಚಾಕ್ಷರಿ ಮೊದಲು.

ನಾನು ಚಪ್ಪಾಳೆ ತಟ್ಟಿದೆ. ಶೇಷು ನಗಲಿಲ್ಲ. ದಣಿದಿದ್ದರು, ಪಾಪ.

ಸೆಪ್ಟೆಂಬರ್ 12, ಮಂಗಳವಾರ

ಐದು ಗೆಲುವು, ಒಂದು ಸೋಲು! ಪಂಚಾಕ್ಷರಿ ನಾಲ್ಕು, ಒಂದು. ಅಂದರೆ ನಾವು ಅರ್ಧ ಆಟ ಮುಂದೆ. ಅರ್ಧ ಆಟ ಎಂದರೆ ಅರ್ಧ ಆಡಿದ್ದು ಅಂತ ತಿಳಿದಿದ್ದೆ. ಅಲ್ಲ. ಒಬ್ಬರು ಆಡಿಯಾಗಿದೆ, ಇನ್ನೊಬ್ಬರು ಆ ಆಟ ಇನ್ನೂ ಆಡಬೇಕು, ಆ ಅಂತರವೇ ಅರ್ಧ. ಶೇಷುಗೆ ನಾನೇ ಇದನ್ನು ವಿವರಿಸಿದೆ. ಕೇಸರಿಬಾತ್ ಮಾಡಿದ್ದೆ. ಮೇಲಿನ ಮನೆಗೂ ಕಳಿಸೋಣ ಅಂದೆ. ಇವತ್ತು ಬೇಡ ಅಂದರು.

ಸೆಪ್ಟೆಂಬರ್ 15, ಶುಕ್ರವಾರ

ಹೇಗೆ ಬರೆಯಲಿ.

ಬಂದವರು ಷೂ ಬಿಚ್ಚದೆ ಕುರ್ಚಿಯಲ್ಲಿ ಕೂತರು. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಮಧ್ಯಾಹ್ನ ಎಲ್ಲರ ಎದುರಿಗೆ, ಇವರು ಹೊಲಿಗೆ ಹಾಕುತ್ತಿರುವಾಗ, ಛೀಫ್ ನಗುತ್ತಾ ಅಂದರಂತೆ: ಶೆಶ್, ನಿನ್ನ ಹೆಂಡತಿಯ ಪ್ರಕಾರ ಪ್ಯಾನ್ ನಿನಗಿಂತ ಮೇಲು. ನರ್ಸುಗಳೂ ನಕ್ಕರಂತೆ.

"ಹಾಗೆ ಅಂದ್ಯಾ?" ಎಂದು ಕೇಳಿದರು.

ಅದು ಮಾತಿಗೆ ಅಂದದ್ದು, ನಮ್ಮಲ್ಲಿ ಎಲ್ಲರೂ ಹಾಗೇ ಅಲ್ಲವೇ ಹೇಳುವುದು ಅಂದೆ. ನಿಮ್ಮ ಅಮ್ಮನೇ ಹೆಣ್ಣು ನೋಡಲು ಬಂದಾಗ ನಮ್ಮ ಹುಡುಗ ಏನೋ ಸುಮಾರು ಅನ್ನಲಿಲ್ಲವೇ ಅಂದೆ.

"ನಮ್ಮಲ್ಲಿ ಗೊತ್ತಾಗತ್ತೆ ಇಂದೂ. ಇವರಿಗೆ ಗೊತ್ತಾಗಲ್ಲ. ಇವರು ಕೇಳಿದ್ರೆ, ಹೇಳಿದ್ದೇ ಉತ್ತರ."

ಆ ಕೇಸಿಗೆ ಸೋಲು ಬರೆದರಂತೆ. ಹೊಲಿಗೆ ಸಡಿಲವಾಗಿತ್ತು.

ಸೆಪ್ಟೆಂಬರ್ 16, ಶನಿವಾರ

ಇವರು ಹೋದ ಮೇಲೆ ಮಿಸೆಸ್ ಹಾಲ್ಡೇನ್‌ಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ. ನಾನು ಅಂದು ಹೇಳಿದ್ದು ಕೇವಲ ಮರ್ಯಾದೆಯ ಮಾತು, ನನ್ನ ಗಂಡನೇ ನಿಜವಾಗಿ ಒಳ್ಳೆಯ ಸರ್ಜನ್ ಅಂದೆ. ಆಕೆ, ಅವನೇ ಹೀಗೆ ಹೇಳು ಅಂದನೇ ಮಗೂ ಎಂದು ಬಹಳ ಮೆತ್ತಗೆ ಕೇಳಿದರು. ಇಲ್ಲ, ಇಲ್ಲ ಅಂದೆ. ಎರಡು ಸಲ ಅಂದದ್ದು ಹೆಚ್ಚಾಯಿತು.

ಗುರುದೇವಿಯನ್ನೂ ಅಂದು ಕೇಳಿದ್ದರೇ? ಮೇಲೆ ಹೋಗಿ ವಿಚಾರಿಸಿದೆ. ಹಿಟ್ಟು ನಾದುತ್ತಿದ್ದರು. ಕೇಳಿದ್ದರಂತೆ.

"ನೀವೇನು ಹೇಳಿದಿರಿ?"

"ನನ್ನ ಗಂಡನ ಛಲೋ ಅಂದೆ. ಮಂದಿ ಗಂಡನ್ನ ನಾ ಯಾಕ ಹೊಗಳಲಿ? ನೀವು ಮೈಸೂರ್ ಕಡೇವ್ರು ನಯ ಭಾಳ ಮಾಡ್ತೀರಿ, ತಂಗಿ. ಊಟಕ್ಕ ಕೂಡಂದ್ರೂ ಬ್ಯಾಡ ಅಂತೀರಿ, ಹಸಿದಿರ್ತೀರಿ."

ಕೋಪ ಬರಬೇಕಿತ್ತು. ಬರಲಿಲ್ಲ. ಬಿಸಿ ರೊಟ್ಟಿ ಕೊಟ್ಟರು. ಬೇಡ ಅನ್ನಲು ಹೋಗಿ, ಸುಮ್ಮನೆ ತಿಂದೆ.

ಸೆಪ್ಟೆಂಬರ್ 19, ಮಂಗಳವಾರ

ಡೆಟ್ರಾಯಿಟ್ ನಿನ್ನೆಯೂ ಇವತ್ತೂ ಬೋಸ್ಟನ್ ಕೈಲಿ ಸೋತಿತು, ಅದೂ ಸ್ವಂತ ಊರಿನಲ್ಲಿ. ಮಿಸೆಸ್ ನೋವಾಕ್ ರೇಡಿಯೋದ ಬೆನ್ನಿಗೆ ಒಂದು ಏಟು ಕೊಟ್ಟರು. ಶೇಷಾದ್ರಿ ಒಂದು ಆಟ ಹಿಂದೆ. ನಾನು ಕೇಳಲಿಲ್ಲ, ಅವರೇ ಊಟದ ನಡುವೆ ಹೇಳಿದರು.

ಸೆಪ್ಟೆಂಬರ್ 25, ಸೋಮವಾರ

ಅತ್ತೆಯ ಕಾಗದ. ಈಗ ಪಿತೃಪಕ್ಷ, ಮಹಾಲಯ ಅಮಾವಾಸ್ಯೆ ಕಳೆಯುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಎಂದು ಬರೆದಿದ್ದಾರೆ. ಅಮಾವಾಸ್ಯೆ ಅಕ್ಟೋಬರ್ ಮೂರಕ್ಕೆ. ಸಹಿ ಹಾಕಲು ಯಾರಾದರೂ ಏನಾದರೂ ಕೊಟ್ಟರಲ್ಲವೇ.

ಇವತ್ತು ಒಂದು ವಿಷಯ ಹೊಳೆದು ಬೆಚ್ಚಿದೆ. ಬೋಸ್ಟನ್ ಸೋಲಲಿ ಎಂದು ಬಯಸಿದರೆ ಯಾರಿಗೂ ಏನೂ ಆಗುವುದಿಲ್ಲ. ಪಂಚಾಕ್ಷರಿ ಸೋಲಲಿ ಎಂದು ಬಯಸಿದರೆ ಅದು ಯಾರದೋ ಹೊಟ್ಟೆ. ಮೂರು ದಿನದಿಂದ ದೀಪ ಹಚ್ಚುವಾಗ ನಾನು ಅದನ್ನೇ ಬೇಡುತ್ತಿದ್ದೆ. ಬೇಡುವುದನ್ನು ನಿಲ್ಲಿಸಿದ್ದೇನೆ. ಬಯಸುವುದನ್ನು ನಿಲ್ಲಿಸಲು ಆಗಿಲ್ಲ.

ಸೆಪ್ಟೆಂಬರ್ 27, ಬುಧವಾರ

ಶಿಕಾಗೋ ಕಟ್ಟಕಡೆಯ ತಂಡದ ಕೈಲಿ ಒಂದೇ ದಿನ ಎರಡು ಆಟ ಸೋತಿದೆ. ಬೋಸ್ಟನ್ನೂ ಸೋತಿತು, ಮಿನೆಸೋಟವೂ. ಯಾರಿಗೂ ಗೆಲ್ಲಲು ಇಷ್ಟವಿದ್ದಂತಿಲ್ಲ ಎಂದರು ಅಜ್ಜಿ.

ಕಾರಿನಲ್ಲಿ ಇಬ್ಬರೂ ಒಟ್ಟಿಗೇ ಹೋಗುತ್ತಾರೆ, ಒಟ್ಟಿಗೇ ಬರುತ್ತಾರೆ. ಕಿಟಕಿಯಿಂದ ನೋಡಿದೆ. ಇಳಿದು, ಒಬ್ಬರಿಗೊಬ್ಬರು ತಲೆ ಆಡಿಸಿ, ಮೆಟ್ಟಿಲಿನ ಹತ್ತಿರ ನೀವು ಮೊದಲು, ನೀವು ಮೊದಲು ಅನ್ನುತ್ತಾ ನಿಲ್ಲುತ್ತಾರೆ.

ಸೆಪ್ಟೆಂಬರ್ 28, ಗುರುವಾರ

ಮಳೆ. ಆಟ ಇಲ್ಲ.

ಸೆಪ್ಟೆಂಬರ್ 29, ಶುಕ್ರವಾರ

ಇವತ್ತೂ ಮಳೆ, ಆಟ ಇಲ್ಲ. ಮಳೆಗೆ ನಿಂತ ಆಟವನ್ನು ಬಿಟ್ಟುಬಿಡುತ್ತಾರೆಯೇ ಎಂದು ಅಜ್ಜಿಯನ್ನು ಕೇಳಿದೆ. ಪಟ್ಟಕ್ಕೆ ಸಂಬಂಧವಿಲ್ಲದಿದ್ದರೆ ಬಿಡುತ್ತಾರೆ. ಸಂಬಂಧವಿದ್ದರೆ ಆಡಿಸಲೇಬೇಕು. ಹಾಗಾಗಿ ನಾಳೆ ಎರಡು, ನಾಡಿದ್ದು ಎರಡು. ನನಗೆ ಈ ನಿಯಮ ಬಹಳ ಹಿಡಿಸಿತು. ಶಿಕಾಗೋ ಇವತ್ತು ಸೋತು ಹೊರಗೆ ಬಿತ್ತು.

ಹಲಗೆಯಲ್ಲಿ: ಪಂಚಾಕ್ಷರಿ ಹನ್ನೆರಡು ಗೆಲುವು, ಐದು ಸೋಲು. ಇವರು ಹನ್ನೊಂದು, ಆರು. ಒಂದು ಆಟ ಹಿಂದೆ. ಉಳಿದಿರುವುದು ಎರಡು ದಿನ.

ಇವರು ಊಟಕ್ಕೆ ಕೂತು, ಸಾರಿಗೆ ಉಪ್ಪಿಲ್ಲ ಅಂದರು. ಇತ್ತು. ಸುಮ್ಮನೆ ಇನ್ನಷ್ಟು ಹಾಕಿದೆ.

ಸೆಪ್ಟೆಂಬರ್ 30, ಶನಿವಾರ

ಇವರಿಗೆ ಒಂದು ಹರ್ನಿಯಾ, ಗೆಲುವು. ಈಗ ಅರ್ಧ ಆಟ ಹಿಂದೆ. ಡೆಟ್ರಾಯಿಟ್ ಮೊದಲನೆಯದು ಗೆದ್ದಿತು, ಎರಡನೆಯದರಲ್ಲಿ ಬಹಳ ಮುಂದಿದ್ದು ಕೊನೆಯಲ್ಲಿ ಕಳೆದುಕೊಂಡಿತು. ನಾಳೆ ಎರಡೂ ಗೆದ್ದರೆ ಮೇಲಿನ ತಂಡದೊಂದಿಗೆ ಸಮ, ಆಗ ಆ ಒಂದು ಹೆಚ್ಚಿನ ಆಟ. ನಾಳೆ ಆಸ್ಪತ್ರೆಯಲ್ಲಿ ಡ್ಯೂಟಿ ಪಂಚಾಕ್ಷರಿಯದು. ಇವರು ಮನೆಯಲ್ಲೇ. ಏನು ನಡೆದರೂ ಇವರ ಕೈಯಲ್ಲಿಲ್ಲ.

ಅಕ್ಟೋಬರ್ 1, ಭಾನುವಾರ

ಮಧ್ಯಾಹ್ನವೆಲ್ಲ ಅಜ್ಜಿಯ ಜಗಲಿಯಲ್ಲಿ ಮೂವರೂ ಕೂತಿದ್ದೆವು: ಅಜ್ಜಿ, ನಾನು, ಇವರು. ಸ್ವಲ್ಪ ಹೊತ್ತಿಗೆ ಗುರುದೇವಿಯೂ ಬಂದು ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಮುರಿಯತೊಡಗಿದರು. ನಾನೂ ಅರ್ಧ ತೆಗೆದುಕೊಂಡೆ. ಡೆಟ್ರಾಯಿಟ್ ಮೊದಲ ಆಟ ಗೆದ್ದಿತು. ಬೀದಿಯಲ್ಲಿ ಕಾರುಗಳ ಹಾರ್ನ್. ಅಷ್ಟರಲ್ಲಿ ಬೋಸ್ಟನ್ ಕೂಡ ಗೆದ್ದು, ಇನ್ನೇನು ಮಾಡಲೂ ಇಲ್ಲದೆ, ನಮ್ಮ ಹಾಗೇ ರೇಡಿಯೋ ಮುಂದೆ ಕೂತಿದೆ ಎಂದು ಕೇಳಿತು. ಅವರ ಬಗ್ಗೆ ನನಗೆ ಅಯ್ಯೋ ಅನ್ನಿಸಿತು.

ಎರಡನೆಯ ಆಟದ ನಡುವೆ ನಮ್ಮ ಮನೆಗೆ ಫೋನ್ ಬಂತು. ಪಂಚಾಕ್ಷರಿಯೇ. ಒಬ್ಬ ಹೆಂಗಸಿನ ಅಪೆಂಡಿಕ್ಸ್, ಒಳಗೆ ಒಡೆದಿತ್ತು. ನಡುವೆ ರಕ್ತ ಹೆಚ್ಚಾಗಿ ಛೀಫ್ ಬಂದು ಕೈ ಹಾಕಬೇಕಾಯಿತು. ಆಕೆ ಹುಷಾರಾಗಿದ್ದಾಳೆ. ಹಲಗೆಯಲ್ಲಿ ಸೋಲು. ಹನ್ನೆರಡು, ಆರು. ಇಬ್ಬರೂ ಸಮ.

ಇದನ್ನೆಲ್ಲ ಅವರೇ ಇವರಿಗೆ ಹೇಳಿದ್ದು. ಬೇರೆ ಯಾರೋ ಹೇಳುವ ಮೊದಲು ತಾನೇ ಹೇಳಬೇಕು ಅನ್ನಿಸಿತಂತೆ. ಇವರು ಹೊರಗೆ ಬಂದು ಗುರುದೇವಿಯ ಮುಂದೆ ನಿಂತು, ಹೇಳಲಾರದೆ ನನ್ನನ್ನು ನೋಡಿದರು. ನಾನು ಹೇಳಿದೆ. ಆಕೆ, "ಆ ಹೆಣಮಗಳು ಉಳದಾಳಲ್ಲ, ಸಾಕ್ ಬಿಡು," ಅಂದು ಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ.

ಡೆಟ್ರಾಯಿಟ್ ಎರಡನೆಯದು ಸೋತಿತು. ಅವರಿಗೆ ಹೆಚ್ಚಿನ ಆಟ ಇಲ್ಲ. ನಮಗಿದೆ. ನಾಳೆ ಬೆಳಿಗ್ಗೆ, ಇಬ್ಬರಿಗೂ ಒಂದೊಂದು ಪಿತ್ತಕೋಶ. ಏಳೂವರೆಗೆ ಪಂಚಾಕ್ಷರಿ, ಹತ್ತಕ್ಕೆ ಇವರು. ನಾಳೆಯೇ ಮಧ್ಯಾಹ್ನದ ರೈಲಿಗೆ ಛೀಫ್ ಶಿಕಾಗೋದ ಸಮ್ಮೇಳನಕ್ಕೆ ಹೊರಡುತ್ತಾರೆ, ಹೊರಡುವ ಮೊದಲು ಹೆಸರು ಬರೆದುಕೊಡುತ್ತಾರೆ.

ಅಕ್ಟೋಬರ್ 2, ಸೋಮವಾರ

ಹನ್ನೊಂದಕ್ಕೇ ಮನೆಗೆ ಬಂದರು, ಬಸ್ಸಿನಲ್ಲಿ. ಇಷ್ಟು ಬೇಗ ಮುಗಿಯಿತೇ ಅಂದೆ. ಶುರುವೇ ಆಗಲಿಲ್ಲ ಅಂದರು.

ಪಂಚಾಕ್ಷರಿಯ ಕೇಸು ಚೆನ್ನಾಗಿ ಆಯಿತು, ಇವರೇ ನೋಡಿದರು, ಬಹಳ ಚೆನ್ನಾಗಿ. ಆಮೇಲೆ ಇವರು ಕೈ ತೊಳೆದು, ಗೌನು ತೊಟ್ಟು, ತೊಳೆದ ಕೈ ಎದೆಯ ಹತ್ತಿರ ಹಿಡಿದು ನಿಂತರು. ರೋಗಿ ಬರಲಿಲ್ಲ. ಕಾರು ಕಾರ್ಖಾನೆಯ ಕೆಲಸಗಾರ. ಆಪರೇಷನ್ ದಿನ ಏನೂ ತಿನ್ನಬಾರದು ಎಂದು ಮೂರು ಸಲ ಹೇಳಿದ್ದರು. ನಿನ್ನೆಯ ಸೋಲಿನ ಬೇಜಾರಿಗೆ, ಬೆಳಿಗ್ಗೆ ಪಕ್ಕದ ಹಾಸಿಗೆಯವನು ಕೊಟ್ಟ ಡೋನಟ್ ಎರಡು ತಿಂದು ಕಾಫಿ ಕುಡಿದುಬಿಟ್ಟಿದ್ದ. ಹೊಟ್ಟೆ ತುಂಬಿದವನಿಗೆ ಅರಿವಳಿಕೆ ಕೊಡುವ ಹಾಗಿಲ್ಲ.

ನಾಳೆ ಮಾಡಬಹುದಲ್ಲ, ಪಟ್ಟಕ್ಕೆ ಸಂಬಂಧಿಸಿದ ಆಟ, ಆಡಿಸಲೇಬೇಕಲ್ಲ ಅಂದೆ. ಇವರು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಛೀಫ್‌ಗೆ ರೈಲು. ಗಡಿಯಾರ ನೋಡಿ, ಸಾರಿ ಶೆಶ್, ಒಬ್ಬನೇ ಆಡಿದ, ಅವನೇ ಗೆದ್ದ ಅಂದು ಹೆಸರು ಬರೆದರಂತೆ. ಬೇಜಾರು ಮಾಡಿಕೊಂಡೇ ಬರೆದರಂತೆ.

ಲೀಗಿಗೆ ನಿಯಮ ಪುಸ್ತಕದಲ್ಲಿದೆ. ಹಲಗೆ ಅವರದ್ದು, ಸೀಮೆಸುಣ್ಣವೂ ಅವರದ್ದು.

ನನ್ನ ಮಾತೂ ಕಾರಣವಾಯಿತೇ ಎಂದು ಕೇಳಿದೆ. ಇಲ್ಲ, ಆ ವಿಷಯವೇ ಬರಲಿಲ್ಲ ಅಂದರು. ಇರಬಹುದು. ಸುಳ್ಳು ಹೇಳಿರಲೂಬಹುದು. ನನ್ನ ಮಾತಿನಿಂದಲೇ ಹೋಗಿದ್ದರೆ ಜೀವಮಾನವೆಲ್ಲ ಕ್ಷಮೆ ಕೇಳಬಹುದಿತ್ತು. ಡೋನಟ್‌ಗೆ ಯಾರನ್ನು ಕೇಳುವುದು?

ಸಂಜೆ ಪಂಚಾಕ್ಷರಿ ದಂಪತಿ ಕೆಳಗೆ ಬಂದರು. ಪಂಚಾಕ್ಷರಿ ಬಾಗಿಲಲ್ಲೇ ನಿಂತು, "ಶೇಷಾದ್ರಿ, ಇದು ಗೆದ್ದಂಗ ಆಗಿಲ್ಲ," ಅಂದರು. ಇವರು ಅವರ ಭುಜ ಹಿಡಿದು ಒಳಗೆ ಕರೆತಂದರು. ಗುರುದೇವಿ ನನ್ನ ಜೊತೆ ಅಡಿಗೆಮನೆಗೆ ಬಂದು ಪಾತ್ರೆ ತೊಳೆದರು. ನಾನು ಒರೆಸಿದೆ.

ಅಕ್ಟೋಬರ್ 7, ಶನಿವಾರ

ಅಮಾವಾಸ್ಯೆ ಕಳೆದು ನಾಲ್ಕು ದಿನ. ಶಿಕಾಗೋದ ಪೆಥಾಲಜಿ ಕಾಗದಕ್ಕೆ ಇವರು ಇವತ್ತು ಸಹಿ ಹಾಕಿದರು. ಜುಲೈನಿಂದ ಕೆಲಸ. ದ್ವಾರಕಾನಾಥ ಫೋನಿನಲ್ಲಿ ಲೊಂಬಾರ್ಡಿನ ಬಾಡಿಗೆ ಮನೆಗಳ ವಿಷಯ ಬಹಳ ಹೊತ್ತು ಹೇಳಿದರು. ನಾನು ಬರೆದುಕೊಂಡೆ.

ಮಧ್ಯಾಹ್ನ ಇವರ ಕೋಟಿನ ಗುಂಡಿ ಹೊಲಿಯುತ್ತಿದ್ದೆ. ಎದುರಿಗೆ ಕೂತು ನೋಡುತ್ತಿದ್ದವರು ಕೇಳಿದರು, "ಈಗ ಹೇಳು. ಯಾರ ಕೈ ಚೆನ್ನಾಗಿದೆ?"

"ನಾನು ನೋಡಿಲ್ಲವಲ್ಲ," ಅಂದೆ.

ಇವರು ನನ್ನ ದಾರದ ಉಂಡೆಯಿಂದ ಒಂದು ಮೊಳ ಎಳೆದುಕೊಂಡು, ಕುರ್ಚಿಯ ತೋಳಿಗೆ ಸುತ್ತಿ, ಎಡಗೈ ಒಂದರಿಂದಲೇ ಗಂಟು ಹಾಕಿದರು. ಅದರ ಮೇಲೆ ಇನ್ನೊಂದು. ಬೆರಳು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕಾಣಲಿಲ್ಲ. ನಿಧಾನವಾಗಿ ಮಾಡಿ ಅಂದೆ. ನಿಧಾನವಾಗಿ ಮಾಡಿದರು. ತೋರುಬೆರಳು ದಾರವನ್ನು ಎತ್ತುತ್ತದೆ, ನಡುಬೆರಳು ಅದರ ಕೆಳಗೆ ನುಸುಳಿ ಹಿಂದಕ್ಕೆ ಎಳೆಯುತ್ತದೆ, ಹೆಬ್ಬೆರಳು ಮೆಲ್ಲಗೆ ಕೆಳಗೆ ಒತ್ತುತ್ತದೆ. ಹನ್ನೊಂದು ಗಂಟು. ಎಣಿಸಿದೆ. ಒಂದರ ಮೇಲೊಂದು, ಎಲ್ಲವೂ ಒಂದೇ ಅಳತೆ.

ಮುಗಿದ ಮೇಲೆ ತಲೆ ಎತ್ತದೆ, ದಾರವನ್ನು ಬಿಗಿಯಾಗಿ ಹಿಡಿದುಕೊಂಡೇ ಬಲಗೈ ಚಾಚಿದರು. ಕತ್ತರಿ ಕೊಟ್ಟೆ.